ಅಣ್ಣಾರಿಗೆ ಕೊಟ್ಟ ತೂಕ

ಆ ಮನುಷ್ಯನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಅಂತ ಕಾಯುವ ತಾಳ್ಮೆಯೂ ನನಗಿಲ್ಲ. ಅದಕ್ಕೇ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಅವರು ಮುದ್ದೇಬಿಹಾಳದ ಕಡೆಯವರು, ಕನ್ನಡ ಮಾಸ್ತರರು. ನಾನು ಸಿಂದಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಅದೇ ಕನ್ನಡ ಕಲಿಸುವಾಕೆ. ಬಸವನ ಬಾಗೇವಾಡಿಯಲ್ಲಿ ನಡೆದ ತರಬೇತಿಯೊಂದರಲ್ಲಿ ಪರಿಚಯವಾಯಿತು. ಮೊದಲ ದಿನವೇ ಅವರು ತಂಗಿ ಅಂದರು, ನಾನು ಅಣ್ಣಾರು ಅಂದೆ. ನಾನು ಹಿಂಜರಿಯುತ್ತಲೇ ತೋರಿಸಿದ ಮೊದಲ ಬರಹವನ್ನು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಸಾಲು ಸಾಲಾಗಿ ಓದಿ, ಎಲ್ಲಿ ಸುಮ್ಮನೆ ಎಳೆದಿದ್ದೇನೆ ಅಂತ ತೋರಿಸಿದರು. ಅಷ್ಟು ಗಮನ ಕೊಟ್ಟು ನನ್ನನ್ನು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ಹೀಗಿರುವಾಗ ಅವರನ್ನು ನಂಬದೇ ಇರುವುದು ಹೇಗೆ?

ನನ್ನ ಮೊಬೈಲಿಗೆ ಬರಹಗಾರರ ಒಂದು ಆ್ಯಪ್ ಹಾಕಿಸಿಕೊಟ್ಟವರೂ ಅವರೇ. ಅಲ್ಲಿ ನಾವು ಬರೆದದ್ದಕ್ಕೆ ಓದುಗರು ಓಟು ಹಾಕುತ್ತಾರೆ, ಓಟು ಬಿದ್ದಂತೆ ಬಹುಮಾನದ ಪಾಯಿಂಟು ಬರುತ್ತದೆ. ಎಲ್ಲರ ಓಟಿಗೂ ಒಂದೇ ತೂಕವಿಲ್ಲ. ಯಾರು ಪಾಯಿಂಟು ಹೆಚ್ಚು ಕೂಡಿಹಾಕಿಕೊಂಡಿದ್ದಾರೋ ಅವರ ಓಟು ಭಾರ. ಬರಹವನ್ನು ಮೇಲಕ್ಕೂ ಎತ್ತಬಹುದು, ಕೆಳಕ್ಕೂ ಒತ್ತಬಹುದು; ತೀರಾ ಕೆಳಗಿಳಿದದ್ದು ಮಸುಕಾಗಿ ಮರೆಯಾಗುತ್ತದೆ. ಬೇಕೆಂದರೆ ನಮ್ಮ ಓಟಿನ ತೂಕವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ನಾವು ಸುಮ್ಮನೆ ಕೂರಬಹುದು.

ನಾಲ್ಕು ತಾಲ್ಲೂಕಿನ ಕೆಲವರು ಸೇರಿ ಗುಂಪು ಕಟ್ಟಿಕೊಂಡೆವು. ಇಂಡಿ ತಾಲ್ಲೂಕಿನ ನಿಂಬೆತೋಟದವರೊಬ್ಬರು ಇದ್ದರು, ಉಳಿದವರು ಹೆಚ್ಚಾಗಿ ನಮ್ಮಂಥ ಮಾಸ್ತರರೇ. ಒಂದು ದಿನ ಅಣ್ಣಾರು ಫೋನು ಮಾಡಿದರು.

"ತಂಗಿ, ಎಲ್ಲಾರೂ ತಂತಮ್ಮ ತೂಕಾ ನನ್ನ ಕಡೆ ಕೊಟ್ಬಿಡ್ರಿ. ಬಿಡಿಬಿಡಿಯಾಗಿ ಇದ್ರ ಯಾರೂ ಕೇಳೂದಿಲ್ಲ. ಕೂಡಿಸಿ ಎತ್ತಿದ್ರ ನಮ್ಮ ಕಡೀ ಬರಹಕ್ಕ ಒಂದು ಕಿಮ್ಮತ್ತು ಬರ್ತೈತಿ. ಮುಯ್ಯಾಳು ಇದ್ದಂಗ ಇದು, ಮತ್ತೇನಿಲ್ಲ."

ಮುಯ್ಯಾಳು ಅಂದದ್ದೇ ತಡ, ನಾನು ಕರಗಿಹೋದೆ. ಇವತ್ತು ಓಣಿಯ ಹೆಂಗಸರೆಲ್ಲ ನಮ್ಮ ಹೊಲದ ಕಸ ತೆಗೆಯಲು ಬರುವುದು, ನಾಳೆ ಅವರ ಹೊಲಕ್ಕೆ ನಮ್ಮವ್ವ ಹೋಗುವುದು, ಕೂಲಿ ಇಲ್ಲದೆ, ಆಳಿಗೆ ಆಳು. ನಾನು ಅದನ್ನು ನೋಡಿಯೇ ಬೆಳೆದವಳು. ಬೇರೆ ಕಡೆಯವರಾಗಿದ್ದರೆ ಕರಾರು ಏನು, ಯಾವಾಗ ವಾಪಸು ಅಂತ ಕೇಳುತ್ತಿದ್ದರೇನೋ. ಮುಯ್ಯಾಳಿಗೆ ಬಂದವರನ್ನು ಹಾಗೆ ಕೇಳಿದರೆ ನಮ್ಮಲ್ಲಿ ಮುಖ ತಿರುಗಿಸಿ ಹೋಗುತ್ತಾರೆ. ನಾನೂ ಕೇಳಲಿಲ್ಲ, ಇದ್ದದ್ದೆಲ್ಲ ಒಪ್ಪಿಸಿದೆ.

ಆ ಆ್ಯಪಿನಲ್ಲಿ ಒಬ್ಬ ಭಾರೀ ಓಟಿನ ಆಸಾಮಿ ಇದ್ದ. ಎಲ್ಲಿಯವನೋ, ಏನು ಮಾಡುವವನೋ, ಯಾರೂ ಕಂಡಿಲ್ಲ. ನಾವು ಚೇಷ್ಟೆಗೆ ಗೌಡ್ರು ಅನ್ನುತ್ತಿದ್ದೆವು. ಗೌಡ್ರು ಮುಂಜಾನೆಯ ಚಹಾದ ಕಪ್ಪಿನ ಫೋಟೋ ಹಾಕಿ ಎರಡು ಸಾಲು ಬರೆದರೆ ಅದು ದಿನವಿಡೀ ಮೊದಲ ಪುಟದಲ್ಲಿ ಕೂರುತ್ತಿತ್ತು. ತಿಂಗಳುಗಟ್ಟಲೆ ತಿದ್ದಿ ಬರೆದವರು ತಳದಲ್ಲಿ ಬಿದ್ದಿರುತ್ತಿದ್ದರು. ಮೈ ಉರಿಯುತ್ತಿತ್ತು. ಆದರೆ ನಮ್ಮ ಗುಂಪಿಗೂ ಆಗಾಗ ಗೌಡ್ರ ಓಟು ಬೀಳುತ್ತಿತ್ತು, ಹಾಗಾಗಿ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು.

ನಾನು ಬಾಯಿ ಮುಚ್ಚಿಕೊಳ್ಳುವ ಪೈಕಿ ಅಲ್ಲ. ಅವ್ವನ ಮುಯ್ಯಾಳಿನ ದಿನಗಳ ಬಗ್ಗೆ ಒಂದು ಬರಹ ಬರೆದೆ. ಆಕೆ ಸೀರೆ ಎತ್ತಿ ಕಟ್ಟಿ, ಕಸ ತೆಗೆಯುವ ಕುರ್ಚಿಗಿ ಹಿಡಿದು, ಸಾಲು ಹಿಡಿದು ಹೊರಟರೆ ಉಳಿದವರು ಹಿಂದೆ ಬೀಳುತ್ತಿದ್ದುದನ್ನು ಬರೆದೆ. ಅವ್ವನ ಫೋಟೋ ಹಾಕಿದೆ. ಕೊನೆಗೆ ಹೀಗೆ ಸೇರಿಸಿದೆ: ದೊಡ್ಡ ಹೊಲದ ಮನೆಯ ಹಿರೇಸೊಸೆ ಬಂದರೂ ಅದು ಒಂದು ದಿನ, ನಮ್ಮವ್ವ ಹೋದರೂ ಒಂದು ದಿನ. ಕೈಯಲ್ಲಿ ಬಂಗಾರದ ಬಳೆ ಇದೆ ಅಂತ ಆಕೆಯ ದಿನ ಉದ್ದ ಆಗುತ್ತಿರಲಿಲ್ಲ. ಇಲ್ಲಿ ಮಾತ್ರ ಒಬ್ಬರ ಓಟು ನೂರು ಜನರ ಓಟನ್ನು ನುಂಗುವುದು ಯಾವ ನ್ಯಾಯ?

ಬರಹ ಒಳ್ಳೇ ಓಡಿತು. ಗುರುತಿಲ್ಲದ ಎಷ್ಟೋ ಜನ ತಮ್ಮ ಅವ್ವಂದಿರ ಸುದ್ದಿ ಬರೆದು ಕೆಳಗೆ ಅಂಟಿಸಿದರು. ಓದು ಬಾರದ ನಮ್ಮವ್ವ ಲಚ್ಯಾಣದಲ್ಲಿರುವ ತನ್ನ ಅಕ್ಕನಿಗೆ ಫೋನು ಮಾಡಿ, "ಮೊಬೈಲದಾಗ ನನ್ನ ಕತಿ ಬಂದೈತಿ, ಮೊಮ್ಮಗಳ ಕಡಿಂದ ಓದಿಸ್ಕೋ" ಅಂತ ಸಾರಿದಳು. ಅಕ್ಕನೆಂದರೆ ಮುಯ್ಯಾಳಿನಲ್ಲಿ ಸದಾ ಆಕೆಯ ಪಕ್ಕದ ಸಾಲಿನಲ್ಲಿ ಇದ್ದವಳು. ಅಕ್ಕ ಕೇಳಬೇಕು ಅನ್ನುವುದೊಂದೇ ಅವ್ವನ ಆಸೆ.

ಮರುದಿನ ದೊಡ್ಡವ್ವನೇ ಫೋನು ಮಾಡಿದಳು. "ಅಲ್ಲೇನೂ ಇಲ್ಲಲ್ಲಬೇ. ಇದು ನೋಡೂವಂಥಾದ್ದಲ್ಲ ಅಂತ ಬರ್ದಾರಂತ."

ತೆಗೆದು ನೋಡಿದೆ. ಬರಹ ಮಸುಕಾಗಿತ್ತು, ಅವ್ವನ ಫೋಟೋ ಮಾಯವಾಗಿತ್ತು. ಕೆಳಕ್ಕೆ ಒತ್ತಿದವರ ಹೆಸರು ಅಲ್ಲಿ ಎಲ್ಲರಿಗೂ ಕಾಣುತ್ತದೆ. ಗೌಡ್ರ ಹೆಸರಿರಬಹುದು ಅಂದುಕೊಂಡೆ. ಇದ್ದದ್ದು ಅಣ್ಣಾರ ಹೆಸರು.

ಆ ಭಾನುವಾರ ಬಾಗೇವಾಡಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆಸಿದೆ. ಬಂದರು. ಮಿರ್ಚಿ ಭಜಿ ಹೇಳಿದರು, ನನಗೂ ಸೇರಿಸಿ.

"ಅಣ್ಣಾರ, ನಮ್ಮವ್ವನ ಬರಹ ಯಾಕ್ ಕೆಳಗ ಒತ್ತೀರಿ?"

"ಸಿಟ್ಟಾಗಬ್ಯಾಡ್ರಿ ತಂಗಿ. ಕಡೀಕ ನೀವು ಬರದದ್ದು ಗೌಡ್ರಿಗೆ ಸೇರಲಿಲ್ಲ. ಅದನ್ನ ಇಳಸ್ರಿ, ಇಲ್ಲಾಂದ್ರ ನಿಮ್ಮ ಗುಂಪಿಗೆ ನನ್ನ ಓಟ್ ಇಲ್ಲ ಅಂತ ಹೇಳಿ ಕಳಿಸಿದ್ರು. ಒಬ್ಬರ ಸಲುವಾಗಿ ಎಲ್ಲಾರದೂ ಹಾಳಾಗೂದು ಬ್ಯಾಡ ಅಂತ ಮಾಡೀನಿ."

"ನನಗೊಂದು ಮಾತು ಕೇಳಬೇಕಿತ್ತಿಲ್ರಿ?"

"ಕೇಳಿದ್ರ ಹೂಂ ಅಂತಿದ್ರೇನು?"

ಅನ್ನುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಕೇಳಿರಲಿಲ್ಲ.

"ಆ ಕಡೀ ಸಾಲು ತಗದ್ಬಿಡ್ರಿ," ಅಂದರು. "ನಾಳೆನ ನಾ ಮ್ಯಾಲ ಎತ್ತತೇನಿ. ಅವ್ವಾರ ಫೋಟೋ ಮೊದಲ್ನೇ ಪುಟದಾಗ ಬರ್ತೈತಿ."

ಮಾತು ಮೆತ್ತಗಿತ್ತು, ನನ್ನ ಮೊದಲ ಬರಹ ತಿದ್ದಿದಾಗಿನ ದನಿಯೇ. ಆಗ ಒಂದು ಅನುಮಾನ ಬಂತು.

"ನಿಮ್ಮ ಒಬ್ಬರ ತೂಕಕ್ಕ ಅದು ಅಷ್ಟು ಕೆಳಗ ಇಳಿಯೂದಿಲ್ಲರಿ ಅಣ್ಣಾರ. ಯಾರ್ಯಾರದು ಹಾಕೀರಿ?"

ಅವರು ಚಹಾದ ಕಪ್ಪು ಕೆಳಗಿಟ್ಟರು. "ನನ್ನ ಕೈಯಾಗ ಇದ್ದದ್ದೆಲ್ಲಾ. ಅದು ಬ್ಯಾರೆ ಬ್ಯಾರೆ ಮಾಡಾಕ ಬರೂದಿಲ್ಲಲ್ರಿ. ನಿಮ್ಮದೂ ಅದರಾಗ ಬಂತು."

ವೈರಿ ಮಾಡಿದ್ದರೆ ಬೈದು ಮನೆಗೆ ಬರುತ್ತಿದ್ದೆ. ಅಣ್ಣಾರು ಅಂದ ಬಾಯಲ್ಲಿ ಏನೆಂದು ಬೈಯಲಿ? ಸಾಲು ತೆಗೆಯುವುದಿಲ್ಲ ಅಂತ ಮಾತ್ರ ಹೇಳಿ ಎದ್ದೆ. ಸಿಂದಗಿಯ ಬಸ್ಸಿನಲ್ಲಿ ಕೂತು, ಒಪ್ಪಿಸಿದ್ದ ತೂಕವನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೆ ಒತ್ತಿದ್ದು ಒತ್ತಿದ ಹಾಗೇ ಉಳಿಯಿತು.

ಮನೆಯಲ್ಲಿ ಅವ್ವ ಕಾಯುತ್ತಿದ್ದಳು. ಬರಹವನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ, ಕೊನೆಯ ಸಾಲಿನವರೆಗೂ.

"ಇದರಾಗ ಸುಳ್ಳೇನೈತಿ?" ಅಂದಳು. "ಯಾರು ಒತ್ಯಾರ ಇದನ್ನ?"

"ನಾವ ಎಲ್ಲಾರೂ ಕೂಡಿ, ಯವ್ವಾ," ಅಂದೆ.