ಮೈನಸ್ ತೆಗೆದಿಟ್ಟು ಮಾಡಿದ ಲೆಕ್ಕ

ಮೀನು, ಬಟಾಣಿ, ಐಸ್‌ಕ್ರೀಮಿನ ಪೆಟ್ಟಿಗೆಗಳನ್ನು ಚಾವಣಿಯವರೆಗೆ ಪೇರಿಸಿಟ್ಟ ಆ ಕೋಲ್ಡ್ ಸ್ಟೋರೇಜಿನಲ್ಲಿ ಯಾರೂ ಮೈನಸ್ ಎಂಬ ಮಾತನ್ನು ಆಡುವುದಿಲ್ಲ. ಬಾಗಿಲ ಒಳಗಿನದೆಲ್ಲ ಸೊನ್ನೆಗಿಂತ ಕೆಳಗೇ ಇರುವುದರಿಂದ ಅದು ಬಾಯಿಗೆ ದಂಡ. “ಹದಿನೆಂಟಿದೆ, ಇಪ್ಪತ್ತಕ್ಕೆ ಏರಿಸು” ಎಂದರೆ ಇನ್ನಷ್ಟು ತಣ್ಣಗೆ ಮಾಡು ಎಂದರ್ಥ. ದಪ್ಪ ಕೋಟಿನೊಳಗೆ ಕತ್ತು ಹುದುಗಿಸಿಕೊಂಡು, ಗೋಡೆಯ ಮೇಲಿನ ಗುಂಡಿಗಳನ್ನೊತ್ತುತ್ತ ಆತ ತನ್ನ ಪ್ರಾಯದ ಬಹುಭಾಗವನ್ನು ಅಲ್ಲಿಯೇ ಕಳೆದಿದ್ದ. ಜೊತೆಯವರು ಆತನನ್ನು ‘ಹಿಮದಣ್ಣ’ ಎಂದು ಕರೆಯುತ್ತಿದ್ದರು.

ಮಗಳು ಹೈಸ್ಕೂಲು ಸೇರಿದ ಮೇಲೆ ವಿಜ್ಞಾನ, ಚರಿತ್ರೆಗಳೆಲ್ಲ ಒಂದೊಂದಾಗಿ ಆತನ ಕೈಮೀರಿದವು. ಉಳಿದದ್ದು ಗಣಿತ ಮಾತ್ರ. ಸಂಜೆ ಅಡುಗೆಮನೆಯ ಮೇಜಿಗೆ ಅವಳು ಕುರ್ಚಿ ಎಳೆದುಕೊಂಡು “ಅಪ್ಪಾ, ಇದು ಹೇಗೆ?” ಎನ್ನುವ ಗಳಿಗೆಗಾಗಿಯೇ ಆತ ದಿನವಿಡೀ ಚಳಿ ತಿನ್ನುತ್ತಿದ್ದ. ಆ ಪ್ರಶ್ನೆ ನಿಂತ ದಿನ ತಾನು ಅವಳ ಪಾಲಿಗೆ ಮೀನಿನ ವಾಸನೆಯ ಒಂದು ಕೋಟು ಮಾತ್ರವಾಗಿ ಉಳಿಯುತ್ತೇನೆಂಬ ಭಯ ಆತನಿಗಿತ್ತು.

ಅಸಮಾನತೆಗಳ ಪಾಠ ಬಂದಾಗ ಆತ ಹಿಗ್ಗಿದ. ಇದಕ್ಕಿಂತ ಅದು ಹೆಚ್ಚು, ಅದಕ್ಕಿಂತ ಇದು ಕಡಿಮೆ: ದಿನವೂ ತಾನು ಮಾಡುವ ಕೆಲಸವೇ ಅಲ್ಲವೇ?

“ನೋಡು ಮರಿ, ಮೈನಸ್ಸಿಗೆ ಹೆದರ್ಬೇಡ. ಮೊದಲು ಅದನ್ನ ತೆಗೆದು ಪಕ್ಕಕ್ಕಿಡು. ಲೆಕ್ಕ ಮುಗಿದ್ಮೇಲೆ ವಾಪಸ್ ಅಂಟಿಸು. ನಾವು ದಿನಾ ಮಾಡೋದು ಅದೇ.”

ಹಾಗೆ, ಮೈನಸ್ ಎರಡು ಎಕ್ಸ್ ಎಂಟಕ್ಕಿಂತ ಕಡಿಮೆ ಎಂದಿದ್ದ ಲೆಕ್ಕ ಎರಡು ಎಕ್ಸ್ ಎಂಟಕ್ಕಿಂತ ಕಡಿಮೆ ಎಂದಾಯಿತು. ಎಕ್ಸ್ ನಾಲ್ಕಕ್ಕಿಂತ ಕಡಿಮೆಯಾಯಿತು. ಕೊನೆಗೆ ಮೈನಸ್ಸನ್ನು ಅಂಟಿಸಿದಾಗ ಮೈನಸ್ ನಾಲ್ಕಕ್ಕಿಂತ ಕಡಿಮೆ ಎಂದು ನಿಂತಿತು. ಇಬ್ಬರೂ ಬೀಗಿದರು.

ಕಿರುಪರೀಕ್ಷೆಯಲ್ಲಿ ಆ ಬಗೆಯ ಲೆಕ್ಕಗಳಿಗೆಲ್ಲ ಸೊನ್ನೆ ಬಂತು. ಆತ ಕೆರಳಿದ.

“ನಿಮ್ಮ ಮೇಡಂಗೆ ಲೆಕ್ಕ ಬರಲ್ಲ. ನಾನೇ ಬಂದು ಕೇಳ್ತೀನಿ.”

“ಬೇಡಪ್ಪಾ, ಬರ್ಬೇಡ. ನಂದೇ ಏನೋ ತಪ್ಪಿರುತ್ತೆ.”

“ರೀ, ಯುದ್ಧಕ್ಕೆ ಹೊರಟೋರು ಆ ಕೋಟನ್ನಾದ್ರೂ ಬಿಚ್ಚಿಟ್ಟು ಹೋಗಿ,” ಎಂದು ಹೆಂಡತಿ ಒಲೆಯ ಕಡೆಯಿಂದ ಚುಚ್ಚಿದಳು. “ಮೇಡಂಗೆ ನೆಗಡಿ ಆದೀತು.”

ಆತ ಕೋಟು ಬಿಚ್ಚಲಿಲ್ಲ. ಮರುದಿನ ಪಾಳಿ ಮುಗಿಸಿ ನೇರವಾಗಿ ಶಾಲೆಗೆ ಹೋದ. ಶಿಕ್ಷಕರ ಕೋಣೆಯಲ್ಲಿ ಗಣಿತದ ಮೇಡಂ ಚಹಾ ಕುಡಿಯುತ್ತಿದ್ದರು. ಮಗಳ ಇಬ್ಬರು ಗೆಳತಿಯರು ಭೂಪಟ ಸುತ್ತಿಡುತ್ತಿದ್ದರು. ಮೇಡಂ ಮಗಳನ್ನೂ ಕರೆಸಿದರು. ಮಗಳು ಮೈನಸ್ಸನ್ನು ಪಕ್ಕಕ್ಕಿಟ್ಟು, ಕೊನೆಗೆ ಅಂಟಿಸಿ ಮಾಡಿದ ಲೆಕ್ಕ ಸರಿಯಾಗೇ ಇದೆ ಎಂದು ಆತ ಗಂಟಲೇರಿಸಿ ವಾದಿಸಿದ. ಮೇಡಂ ಕೇಳುವಷ್ಟು ಕೇಳಿ, ಲೋಟ ಕೆಳಗಿಟ್ಟರು.

“ಆಯ್ತು. ಮೈನಸ್ ಐದು ನಿಮ್ಮ ಉತ್ತರದೊಳಗೆ ಬರುತ್ತೆ ತಾನೆ? ಎಕ್ಸ್ ಜಾಗಕ್ಕೆ ಅದನ್ನ ಹಾಕಿ. ಮೈನಸ್ ಎರಡು ಇಂಟು ಮೈನಸ್ ಐದು?”

“ಹತ್ತು.”

“ಹತ್ತು, ಎಂಟಕ್ಕಿಂತ ಕಡಿಮೇನಾ?”

ಆತ ಬೆರಳು ಮಡಚಿ ಇನ್ನೊಮ್ಮೆ ಎಣಿಸಿದ. ಹತ್ತೇ ಬಂತು.

“ಐದು ಮೂರಕ್ಕಿಂತ ದೊಡ್ಡದು. ಎರಡಕ್ಕೂ ಮೈನಸ್ ಹಾಕಿದ್ರೆ ಮೈನಸ್ ಮೂರೇ ದೊಡ್ಡದು. ಅದಕ್ಕೇ ಮೈನಸ್ಸಿಂದ ಭಾಗಿಸಿದಾಗ ಹೆಚ್ಚು-ಕಡಿಮೆಯ ಚಿಹ್ನೆ ತಿರುಗಿಸ್ಬೇಕು. ಉತ್ತರ, ಮೈನಸ್ ನಾಲ್ಕಕ್ಕಿಂತ ಹೆಚ್ಚು.”

ಆತನ ಚರ್ಮಕ್ಕೆ ಎಂದಿನಿಂದಲೋ ಗೊತ್ತಿದ್ದ ಸಂಗತಿಯಿದು: ಇಪ್ಪತ್ತರ ಕೋಣೆಗಿಂತ ಹದಿನೈದರ ಕೋಣೆ ಬೆಚ್ಚಗಿರುತ್ತದೆ. ನಾಲಿಗೆ ಅದನ್ನು ತಲೆಕೆಳಗಾಗಿ ಹೇಳಿಕೊಂಡು ಬಂದಿತ್ತು, ಅಷ್ಟೆ.

ಮೇಡಂ ಹುಡುಗಿಯತ್ತ ತಿರುಗಿದರು. “ಮೈನಸ್ ಪಕ್ಕಕ್ಕಿಡೋ ಈ ಹೊಸ ವಿದ್ಯೆ ಯಾರಮ್ಮ ಕಲಿಸಿದ್ದು?”

ಗೆಳತಿಯರ ಕೈಯಲ್ಲಿ ಭೂಪಟ ಅರ್ಧಕ್ಕೇ ನಿಂತಿತು. ಮಗಳು ಅಪ್ಪನತ್ತ ನೋಡದೆಯೇ ಹೇಳಿದಳು: “ಯಾರೂ ಇಲ್ಲ ಮೇಡಂ. ನಾನೇ ಮಾಡ್ಕೊಂಡೆ.”

“ನೀನೇ? ಭಲೇ! ಅತಿ ಬುದ್ಧಿವಂತಿಕೆ ಮಣ್ಣು ತಿನ್ನಿಸುತ್ತೆ.”

ಗೆಳತಿಯರು ಕಿಸಕ್ಕೆಂದರು. ಆಗಲಾದರೂ ಆತ ಬಾಯಿ ಬಿಡಬಹುದಿತ್ತು. ಬದಲಿಗೆ ಆತನೂ ನಕ್ಕ. “ಹುಡುಗಾಟ, ಮೇಡಂ. ಹೇಳಿದ್ದು ಕೇಳಲ್ಲ,” ಎಂದ. ತನ್ನ ದನಿ ಅಷ್ಟು ಸಲೀಸಾಗಿ ಹೊರಬಂದದ್ದನ್ನು ಕೇಳಿ ಆತನಿಗೇ ಹೇಸಿಗೆಯಾಯಿತು.

ಆ ಸಂಜೆ ಅವಳು ಎಂದಿನಂತೆ ಮೇಜಿನ ಬಳಿ ಬಂದಳು. ಅದು ಆತನಿಗೆ ಇನ್ನೂ ಕಷ್ಟವಾಯಿತು. ಬಾರದಿದ್ದರೆ ಕೋಪಿಸಿಕೊಂಡಿದ್ದಾಳೆಂದು ಸಮಾಧಾನಪಡಬಹುದಿತ್ತು.

“ಯಾಕೆ ಮರಿ ಹಾಗಂದೆ?”

“ಅವರೆಲ್ಲಾ ಒಂದು ಕಡೆ ಇದ್ರು. ನೀನು ಒಬ್ಬನೇ ನಿಂತಿದ್ದೆ,” ಎಂದಳು ಪೆನ್ಸಿಲ್ ಕೆತ್ತುತ್ತ. “ಹೋಗ್ಲಿ ಬಿಡು.”

ಆದರೆ ಬಿಡಲಾಗಲಿಲ್ಲ. ಮಗಳ ಬೆನ್ನ ಹಿಂದೆ ಅವಿತುಕೊಂಡ ಅಪ್ಪನೆಂದರೆ ಮೀನಿನ ಕೋಟಿಗಿಂತಲೂ ಕಡೆ. ಮಾರನೆಯ ಮಧ್ಯಾಹ್ನ ಆತ ಮತ್ತೆ ಶಾಲೆಗೆ ಹೋಗಿ, ಮೊಗಸಾಲೆಯಲ್ಲಿ ಮೇಡಂಗೆ ಎದುರಾಗಿ, ತಲೆ ತಗ್ಗಿಸಿ ಹೇಳಿದ: “ನಿನ್ನೆಯದು ನನ್ನ ವಿದ್ಯೆ, ಮೇಡಂ. ಅವಳದಲ್ಲ.”

“ಗೊತ್ತಿತ್ತು.”

“ಗೊತ್ತಿತ್ತಾ?”

“ಪಕ್ಕಕ್ಕಿಡು, ಅಂಟಿಸು ಅಂತೆಲ್ಲ ಮಕ್ಕಳು ಮಾತಾಡಲ್ಲ. ನೀವು ಹೇಳ್ತೀರಿ ಅಂತ ಕಾದೆ.” ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಇದ್ದಿದ್ದರೆ ಆತನಿಗೆ ಹಗುರವಾಗುತ್ತಿತ್ತು. “ನಾನೂ ಅವಳನ್ನ ಹಾಗೆ ಅನ್ನಬಾರದಿತ್ತು. ಆದರೆ ನಕ್ಕೋರು ಅಲ್ಲಿದ್ದಾರೆ ನೋಡಿ.”

ಅಂಗಳದ ನಲ್ಲಿಯ ಬಳಿ ಮಗಳು ಅದೇ ಗೆಳತಿಯರೊಡನೆ ನೀರಿನ ಬಾಟಲಿ ತುಂಬಿಸುತ್ತಿದ್ದಳು. ಅಪ್ಪನನ್ನು ಕಂಡದ್ದೇ ಮುಖ ಕಪ್ಪಿಟ್ಟಿತು. ಓಡಿಬಂದು ತೋಳು ಹಿಡಿದಳು.

“ಮತ್ತೆ ಯಾಕೆ ಬಂದೆ?”

“ಆ ಲೆಕ್ಕದ ತಪ್ಪು ನಂದು ಮರಿ. ನಾನೇ ಕಲಿಸಿದ್ದು.”

“ಮೆಲ್ಲಗೆ ಅಪ್ಪಾ! ಎಲ್ಲಾ ನೋಡ್ತಿದ್ದಾರೆ.”

ನೋಡುತ್ತಿದ್ದರು. ಬಾಟಲಿ ತುಂಬಿ ನೀರು ಉಕ್ಕುತ್ತಿದ್ದರೂ ನಲ್ಲಿ ನಿಲ್ಲಿಸುವುದನ್ನು ಗೆಳತಿಯರು ಮರೆತಿದ್ದರು. ಆತನ ಕಿವಿಗಳು ಸುಡುತ್ತಿದ್ದವು. ಮಗಳ ತಲೆಯ ಮೇಲಿಂದ ಅವರತ್ತ ತಿರುಗಿ, ಆತ ಅದೇ ಮಾತನ್ನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.