ಮಾವಿನ ಕಾಲದ ಗಾಳಿ

ಗಾಳಿ ಬೀಸಿದರೆ ನಮ್ಮ ಮೇಡಂ ಎಡಗೆನ್ನೆ ಒಡ್ಡಿ, ಒಂದು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ ಜಾರಿ ಬಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕೋಲಾರದ ನಮ್ಮ ಕಚೇರಿಯಲ್ಲಿ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಕಿಟಕಿಗಳೆಲ್ಲ ತೆರೆದಿರಬೇಕು, ಕಾಗದ ಹಾರಿದರೆ ಹಿಡಿಯಲು ನಾನಿದ್ದೇನಲ್ಲ! ಒಂದು ಗಳಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತ ಹೆಂಗಸಲ್ಲ ಅವರು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಜಿಲ್ಲೆಯ ಯಾವ ಭಾಗದ ಗಾಳಿಯಿಂದ ಕರೆಂಟ್ ತೆಗೆಯಬಹುದು ಎಂದು ತೋರಿಸುವ ನಕ್ಷೆ ಮಾಡುವುದು ನಮ್ಮ ಕೆಲಸ. ಅಲ್ಲಲ್ಲಿ ಕಂಬ ನೆಟ್ಟು, ತುದಿಯಲ್ಲಿ ತಿರುಗುವ ಬಟ್ಟಲುಗಳಿಂದ ಗಾಳಿಯ ವೇಗ ಅಳೆಯುತ್ತಿದ್ದೆವು. ನಾನು ಸರಾಸರಿ ತೆಗೆಯುತ್ತಿದ್ದೆ, ಮೇಡಂ ಅದಕ್ಕೆ ತಕ್ಕಂತೆ ನಕ್ಷೆಗೆ ಬಣ್ಣ ತುಂಬುತ್ತಿದ್ದರು. ನಿವೃತ್ತಿಯೊಳಗೆ ಅದನ್ನು ಮುಗಿಸಬೇಕೆಂಬುದೊಂದೇ ಅವರ ಆಸೆ.

ಆ ಬೇಸಿಗೆಯಲ್ಲಿ ಶ್ರೀನಿವಾಸಪುರದ ಲೆಕ್ಕದಲ್ಲಿ ವಾರಗಟ್ಟಲೆ ಗಾಳಿಯೇ ಇಲ್ಲ. "ಗಾಳಿ ಎಲ್ಲಿ ಹೋಗಿ ಸತ್ತಿತು ಕಣೇ? ನಡಿ" ಎಂದು ಮೇಡಂ ನನ್ನನ್ನು ಬಸ್ಸಿಗೆ ಎಳೆದೊಯ್ದರು. ಹೋಗಿ ನೋಡಿದರೆ ಮಾವಿನ ತೋಟದ ರೈತ ಬಟ್ಟಲುಗಳನ್ನು ಹಗ್ಗದಿಂದ ಬಿಗಿದಿದ್ದ.

"ಇದು ತಿರುಗಿದ್ರೆ ಗಾಳಿ ಎಬ್ಬಿಸ್ತದೆ ಕದಮ್ಮಾ. ಕಾಯೆಲ್ಲಾ ಉದುರಿದ್ರೆ ನಾವೇನ್ ತಿನ್ನೋದು?"

ನನಗೆ ಸಿಟ್ಟು ನೆತ್ತಿಗೇರಿತು. ಮೇಡಂ ಮರಗಳ ಕೆಳಗೆ ಅತ್ತಿಂದಿತ್ತ ಓಡಾಡಿದರು. ಸಂಜೆಯ ಹೊತ್ತಿಗೆ ಗಾಳಿ ಎದ್ದಿತು. ಬಟ್ಟಲು ಕಟ್ಟಿದಂತೆಯೇ ಇತ್ತು, ಕಾಯಿ ಮಾತ್ರ ದಬದಬ ಬಿದ್ದವು. ರೈತ ಕಂಬವನ್ನೇ ನೋಡುತ್ತ ನಿಂತು, ಆಮೇಲೆ ತಾನೇ ಏಣಿ ಹಾಕಿ ಹಗ್ಗ ಬಿಚ್ಚಿದ. "ಪಾಪ, ಇದೇನ್ ಮಾಡ್ತು ಬಿಡಮ್ಮಾ" ಎಂದ. ಮೇಡಂ ಸೆರಗು ಸಿಕ್ಕಿಸಿ ಅವನ ಜೊತೆ ಕಾಯಿ ಆಯತೊಡಗಿದರು.

ಮೇಡಂ ನಿವೃತ್ತಿಗೆ ಸ್ವಲ್ಪ ದಿನವಷ್ಟೇ ಉಳಿದಿತ್ತು, ಹಗ್ಗ ಬಿಗಿದಿದ್ದ ವಾರಗಳ ಅಂಕಿಗೆ ಮುಂದಿನ ಮಾವಿನ ಕಾಲದವರೆಗೆ ಕಾಯಬೇಕಿತ್ತು. "ಮುಳಬಾಗಿಲಿನ ಅಂಕಿಯನ್ನೇ ಹಾಕಿ ಮುಗಿಸಿ" ಎಂದರು ಮೇಲಧಿಕಾರಿ.

"ಅದು ಬೆಟ್ಟದ ಗಾಳಿ ಸಾರ್, ಇದು ತೋಟದ್ದು. ಗೊತ್ತಿಲ್ಲದ್ದಕ್ಕೆ ನಾನು ಬಣ್ಣ ಹಚ್ಚಲ್ಲ" ಎಂದರು ಮೇಡಂ. ನಕ್ಷೆಯಲ್ಲಿ ಶ್ರೀನಿವಾಸಪುರದ ತುಂಡನ್ನು ಬಿಳಿಯಾಗಿಯೇ ಬಿಟ್ಟು ನಿವೃತ್ತರಾದರು. ಆದರೆ ಮನೆಯಲ್ಲಿ ಕೂರಬೇಕಲ್ಲ! ಮುಂದಿನ ಮಾವಿನ ಕಾಲದಲ್ಲಿ ತಾವೇ ಬಸ್ಸು ಹತ್ತಿ ಹೋಗಿ, ಬಟ್ಟಲು ತಿರುಗುತ್ತಿದೆಯೇ ಎಂದು ನೋಡಿಬರುತ್ತಿದ್ದರು. "ಬಣ್ಣ ತುಂಬಿದ್ಯೇನೇ?" ಎಂದು ಕಂಡಾಗಲೆಲ್ಲ ನನ್ನ ಪ್ರಾಣ ತಿನ್ನುತ್ತಿದ್ದರು.

ಮಳೆಗಾಲ ಕಳೆದು ಲೆಕ್ಕ ಮುಗಿಯಿತು. ಆ ಬಿಳಿ ತುಂಡಿಗೆ ನಾನೇ ತಿಳಿಹಳದಿ ತುಂಬಿದೆ. ಅಲ್ಲಿ ಅಂಥ ಗಾಳಿಯೇನೂ ಇಲ್ಲ ಎಂದು ಅದರ ಅರ್ಥ. ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಮೇಡಂ ಮನೆಗೆ ಓಡಿದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಬೆಳಿಗ್ಗೆ ಎದೆನೋವು ಬಂದು ಹೋಗಿಬಿಟ್ಟಿದ್ದರು. ಯಾರೋ ಕಿಟಕಿ ತೆರೆದಿದ್ದರು, ಪರದೆ ಪಟಪಟ ಹಾರುತ್ತಿತ್ತು. ಮೇಡಂ ಕೆನ್ನೆ ತಿರುಗಿಸಲಿಲ್ಲ.