ಜೌಗಿನ ದಂಡೆಯ ಸಾಹುಕಾರರು

ಸಾಹುಕಾರರ ಬಲಗಿವಿ ಎಡಗಿವಿಗಿಂತ ತುಸು ಮುಂದಕ್ಕೆ ಬಾಗಿತ್ತು. ಯಾರು ಅಂಗಡಿಗೆ ಬಂದರೂ ಅಂಗೈಯನ್ನು ಆ ಕಿವಿಯ ಹಿಂದಿಟ್ಟು, ಕೊರಳಿನ ಲಿಂಗದ ಕರಡಿಗೆ ತಕ್ಕಡಿಯ ತಟ್ಟೆಗೆ ತಾಗಿ ಟಣ್ ಎನ್ನುವಷ್ಟು ಮುಂದೆ ಬಗ್ಗಿ ಅವರು ಮಾತು ಕೇಳುತ್ತಿದ್ದರು. ಕಿವುಡರೇನಲ್ಲ. ಹಿತ್ತಲಲ್ಲಿ ಇಲಿ ಓಡಿದರೂ ಅವರಿಗೆ ತಿಳಿಯುತ್ತಿತ್ತು. ಕೈಯಿಟ್ಟು ಇಟ್ಟೇ ಕಿವಿ ಹಾಗಾಗಿದೆ ಎಂದು ನಮ್ಮ ಅತ್ತೆ ನಗುತ್ತಿದ್ದರು.

ನಾನು ಮುದನಾಳದವಳು. ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ ಸುರಪುರದ ಕಡೆಯ ಈ ಸಣ್ಣ ಪೇಟೆಗೆ ಸೊಸೆಯಾಗಿ ಬಂದೆ. ಜಾತಿ ಒಂದೇ ಆದರೂ ನಮ್ಮಪ್ಪ ಹೊಲ ನಂಬಿದವರು, ಗಂಡನ ಮನೆಯವರು ನೀರು ನಂಬಿದವರು. ಪೇಟೆ ಎಂದರೆ ಒಂದು ಬೀದಿ, ಒಂದು ಚಾವಡಿ, ವಾರಕ್ಕೊಂದು ಸಂತೆ. ಬೀದಿ ಮುಗಿದಲ್ಲಿ ಜೌಗು ಶುರು. ಹೊಳೆ ಹಿಂದೆಂದೋ ಬಿಟ್ಟುಹೋದ ಪಾತ್ರದಲ್ಲಿ ನೀರು ನಿಂತು, ಆಳೆತ್ತರದ ಆಪು ಹುಲ್ಲು ಬೆಳೆದು, ಕಣ್ಣು ಹಾಯುವವರೆಗೂ ಅದೇ. ಗಂಡಸರು ಮೀನಿಗೆ, ಹೆಂಗಸರು ಚಾಪೆ ಹೆಣೆಯುವ ಆಪು ಕೊಯ್ಯಲಿಕ್ಕೆ ಒಳಗೆ ಹೋಗುತ್ತಿದ್ದರು.

ಒಳಗೆ ಹೋದರೆ ಹತ್ತು ಮಾರಿನಾಚೆ ಇದ್ದವರೂ ಕಾಣುವುದಿಲ್ಲ. ಹೆಸರು ಹಿಡಿದು ಕರೆಯುವ ರೂಢಿಯೂ ಅಲ್ಲಿರಲಿಲ್ಲ. ಆಪಿನ ನಡುವೆ ಹೆಸರು ಒಡೆದು ಚೂರಾಗುತ್ತದೆ. ಅದಕ್ಕೇ ಮನೆಗೊಂದು ಕೂಗು. ನಮ್ಮ ಮನೆಯದು ಎರಡು ಉದ್ದ, ಕೊನೆಗೊಂದು ಗಿಡ್ಡ. ಸಂಜೆ ಮನೆಯ ಹಿರಿಯರು ದಂಡೆಯಲ್ಲಿ ನಿಂತು ಕೂಗಿದರೆ ಒಳಗಿನವರು ಅದೇ ಕೂಗಿನಲ್ಲಿ ಓಗೊಟ್ಟು, ದನಿ ಹಿಡಿದು ಹೊರಬರುತ್ತಿದ್ದರು.

ಸಾಹುಕಾರರ ಮನೆಗೆ ಕೂಗು ಇರಲಿಲ್ಲ. ಅವರು ತಲೆಮಾರುಗಳಿಂದ ಅಂಗಡಿಯವರು, ಜೌಗಿಗೆ ಇಳಿಯುವ ಪ್ರಸಂಗವೇ ಇಲ್ಲ. ಆದರೆ ನಾನು ಬರುವುದಕ್ಕೂ ಮುಂಚೆ ತಪ್ಪಿಸಿಕೊಂಡ ಎಮ್ಮೆಯ ಹಿಂದೆ ಅವರ ತಮ್ಮ ಇಳಿದಿದ್ದ. ಎಮ್ಮೆ ಬಂತು, ಅವನು ಬರಲಿಲ್ಲ. ಸಾಹುಕಾರರು ದಂಡೆಯಲ್ಲಿ ನಿಂತು ಗಂಟಲು ಹರಿಯುವಂತೆ ಅವನ ಹೆಸರು ಕೂಗಿದರಂತೆ. ನಮ್ಮ ಮಾವ ಮತ್ತು ಓಣಿಯ ಗಂಡಸರು ತೆಪ್ಪ ಹಾಕಿ ಹುಡುಕಿದರೂ ಏನೂ ಸಿಗಲಿಲ್ಲ. ಸೊಲ್ಲಾಪುರದ ಗಿರಣಿಗೆ ಓಡಿಹೋಗಿದ್ದಾನೆ ಎಂದವರೂ ಇದ್ದರು. ತಾವು ಕೂಗಿದ್ದು ಅವನನ್ನು ಮುಟ್ಟಿತೋ ಇಲ್ಲವೋ ಎಂಬುದೇ ಸಾಹುಕಾರರನ್ನು ಕೊರೆಯುತ್ತಿತ್ತು. ಇದು ಊರಿಗೆಲ್ಲ ಗೊತ್ತಿದ್ದರಿಂದ ಅವರ ವಿಚಾರಣೆಯನ್ನು ಊರು ಸಹಿಸಿಕೊಂಡಿತ್ತು.

ವಿಚಾರಣೆ ಎಂದರೆ ಅಂಥಿಂಥದ್ದಲ್ಲ. ಜೌಗಿನಿಂದ ಬಂದವರು ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು. “ಒಳಗ ಗಾಳಿ ಯಾ ಕಡಿಂದ ಬೀಸಾಕತ್ತಿತ್ತು? ಗುಡಿ ಗಂಟಿ ಅಲ್ಲೀತನಕ ಕೇಳಸ್ತದೇನು? ನಾಯಿ ಬೊಗಳಿದ್ದು?” ಒಂದಕ್ಕೆ ಉತ್ತರ ಕೊಟ್ಟರೆ ಅದರ ಬಾಲ ಹಿಡಿದು ಇನ್ನೊಂದು. ಅಷ್ಟರಲ್ಲಿ ತಕ್ಕಡಿಯ ಬೆಲ್ಲಕ್ಕೆ ಇರುವೆ ಮುತ್ತುತ್ತಿತ್ತು. ಒಮ್ಮೆ ಸುರಪುರದಿಂದ ಬಂದ ಪೊಲೀಸ್ ಅಮೀನರನ್ನೂ ಬಿಡಲಿಲ್ಲ. ಹೈದರಾಬಾದಿನ ಜಾತ್ರೆಗಳಲ್ಲಿ ತಪ್ಪಿಸಿಕೊಂಡವರನ್ನು ಹೇಗೆ ಕರೆಯುತ್ತಾರೆ ಎಂದು ಶುರುಮಾಡಿದರು. ಅಮೀನರು ರೇಗಿ, “ಸಾವಕಾರ್, ಸವಾಲ್ ಕೇಳೋದು ನನ್ನ ನೌಕರಿ ಅದ, ನಿಮ್ದಲ್ಲ” ಎಂದರು. ಸಾಹುಕಾರರು ಕೈಮುಗಿದು, “ಖರೇ ಅದರಿ ಸಾಹೇಬ್ರ. ಆದ್ರ ಹ್ಯಾಂಗ ಕರೀತಾರ್ರಿ?” ಎಂದರು.

ನಾನು ಮೊದಲ ಸಲ ಉಪ್ಪಿಗೆ ಹೋದಾಗ ನನ್ನ ಸರದಿ.

“ತಂಗಿ, ನಿಮ್ಮ ಮುದನಾಳದಾಗ ಸಂಜಿಮುಂದ ದನ ಹ್ಯಾಂಗ ಕರೀತಾರ?”

ಇಂಥ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ನಗು ತಡೆದುಕೊಂಡು, ನಮ್ಮವ್ವ ಕರೆಯುವಂತೆ ಸೆರಗಿನೊಳಗಿಂದಲೇ “ಹೋ... ಬಾ ಬಾ ಬಾ... ಹೋ” ಎಂದೆ. “ಇನ್ನೊಮ್ಮಿ ಅನ್ನವಾ” ಎಂದರು. ಆಮೇಲೆ ತಾವೇ ಕೂಗಿ ನೋಡಿದರು. ಬೀದಿಯಲ್ಲಿ ನಿಂತಿದ್ದ ಕರುವೊಂದು ತಿರುಗಿ ನೋಡಿತು. ಸಾಹುಕಾರರಿಗೆ ಆದ ಖುಷಿ ನೋಡಿ ನನಗೆ ತವರು ಬಿಟ್ಟ ಸಂಕಟ ಅವತ್ತೊಂದು ದಿನ ಮರೆತಿತ್ತು.

ಆ ವರ್ಷವೇ ಓಣಿಯ ಹೆಂಗಸರ ಜೊತೆ ಆಪು ಕೊಯ್ಯಲು ಹೋದೆ. ನೀರುಕೋಳಿಯ ಗೂಡೊಂದು ಕಂಡಿತು. ನೋಡಿಯೇಬಿಡೋಣವೆಂದು ನಾಲ್ಕು ಹೆಜ್ಜೆ ಹೋದವಳಿಗೆ ತಿರುಗಿದರೆ ದಾರಿಯಿಲ್ಲ. ಅತ್ತಿತ್ತ ತಡಕಾಡುತ್ತ ಇನ್ನೂ ಒಳಕ್ಕೆ ಹೋದೆ. ಮೊಣಕಾಲಿನವರೆಗೆ ಕೆಸರು. ಹೊತ್ತು ಇಳಿಯುತ್ತಿತ್ತು. ದಂಡೆಯಲ್ಲಿ ಅತ್ತೆ ಗಾಬರಿಯಲ್ಲಿ ರೂಢಿ ಮರೆತು ನನ್ನ ಹೆಸರನ್ನೇ ಕೂಗಿದರಂತೆ. ನನಗೆ ಅದರ ಒಂದಕ್ಷರವೂ ಮುಟ್ಟಲಿಲ್ಲ. ಗಂಡ ಊರಲ್ಲಿರಲಿಲ್ಲ. ಕೊನೆಗೆ ಮಾವ ಬಂದು ಮನೆಯ ಕೂಗು ಹಾಕಿದರು. ಎರಡು ಉದ್ದ, ಒಂದು ಗಿಡ್ಡ. ಅದು ಚೆನ್ನಾಗಿ ಕೇಳಿಸಿತು.

ನಾನು ಓಗೊಡಲಿಲ್ಲ.

ಈಗ ಮೊಮ್ಮಕ್ಕಳು ನಗುತ್ತಾರೆ. ಆದರೆ ಹೊಸ ಸೊಸೆಯ ದನಿ ಮಾವನ ಕಿವಿಗೆ ಬೀಳಬಾರದು ಎಂದು ನನಗೆ ಕಲಿಸಿ ಕಳಿಸಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಅತ್ತೆ ಕೂಗಲಿ ದೇವರೇ, ಅತ್ತೆ ಕೂಗಲಿ ಎಂದು ಬೇಡಿಕೊಂಡೆ. ಉತ್ತರ ಬಾರದ್ದರಿಂದ ನಾನು ಆ ಕಡೆ ಇಲ್ಲವೆಂದು ಮಾವ ದೂರ ದೂರ ಹೋಗತೊಡಗಿದರು. ಕೂಗು ಸಣ್ಣದಾದಂತೆ ನನ್ನ ಕಾಲು ಇನ್ನಷ್ಟು ಹೂತುಹೋಯಿತು. ಸತ್ತೆನೆಂದೇ ಅಂದುಕೊಂಡೆ, ಆದರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಸಾಹುಕಾರರು ಅಂಗಡಿ ತೆರೆದೇ ಬಿಟ್ಟು ದಂಡೆಗೆ ಓಡಿಬಂದಿದ್ದರು. ಆಮೇಲೆ ಅತ್ತೆ ಹೇಳಿದ್ದು: ಬಂದವರೇ ಮಾವನ ರಟ್ಟೆ ಹಿಡಿದು ನಿಲ್ಲಿಸಿ, “ನೀ ಸುಮ್ಮನಿರೋ ಮಾರಾಯ! ನೀ ಕರದಷ್ಟೂ ಆಕಿ ಬಾಯಿ ಮುಚ್ಚಿಕೊಂತಾಳ. ಮಾವಗ ಸೊಸಿ ಓ ಅಂತಾಳೇನು?” ಎಂದು ಬೈದರಂತೆ.

ನನಗೆ ಕೇಳಿಸಿದ್ದು ಮಾತ್ರ ಮುದುಕನ ಒಡಕು ದನಿಯಲ್ಲಿ ನಮ್ಮವ್ವನ ಕೂಗು. “ಹೋ... ಬಾ ಬಾ ಬಾ... ಹೋ!” ಮೊದಲು ನಗು ಬಂತು, ಅದರ ಹಿಂದೆಯೇ ಅಳು. ದನದ ಕೂಗಿಗೆ ಮಾವನ ಮುಲಾಜೇನು? ಎದೆ ಬಿರಿಯುವಂತೆ ತಿರುಗಿ ಕೂಗಿದೆ. ಆ ದನಿ ಹಿಡಿದು ತೆಪ್ಪ ಬಂತು. ಆ ಮುದುಕ ಇಲ್ಲದಿದ್ದರೆ ನಾನಿಲ್ಲ, ನನ್ನ ಮಕ್ಕಳೂ ಇಲ್ಲ. ಅಂದಿನಿಂದ ನಮ್ಮ ಓಣಿಯ ಸೊಸೆಯರಿಗೆ ಜೌಗಿನೊಳಗೆ ಮಾವನಿಗೆ ಓಗೊಡುವ ಪರವಾನಗಿ ಸಿಕ್ಕಿತು. ಮನೆಯೊಳಗೆ ಸಿಗಲಿಲ್ಲ, ಆ ಮಾತು ಬೇರೆ.

ವಿಚಿತ್ರವೆಂದರೆ, ಊರೆಲ್ಲ ಒಳಗೆ ಏನಾಯಿತೆಂದು ನನ್ನನ್ನು ಕೆದಕಿದರೂ ಸಾಹುಕಾರರು ಮಾತ್ರ ಚಕಾರವೆತ್ತಲಿಲ್ಲ. ನಾನು ಅಂಗಡಿಗೆ ಹೋದರೆ ಮುದನಾಳದ ಮಳೆ, ನಮ್ಮಪ್ಪನ ಎತ್ತು, ನಮ್ಮವ್ವನ ಮಂಡಿನೋವು ಎಲ್ಲ ವಿಚಾರಿಸುತ್ತಿದ್ದರು. ಆ ದಿನದ ಮಾತು ಬಂದರೆ ತಕ್ಕಡಿ ಒರೆಸುತ್ತ ಕೂರುತ್ತಿದ್ದರು.

ನಿಜಾಮರ ಆಳಿಕೆ ಮುಗಿಯುವ ಮುಂಚಿನ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ಗಂಜಿ ತೆಗೆದುಕೊಂಡು ನೋಡಲು ಹೋದೆ. ಅವರ ಸೊಸೆ ಒಳಗೆ ಹೋಗುವುದನ್ನೇ ಕಾದು ಕೇಳಿದರು.

“ತಂಗಿ, ಅವತ್ತ ನಿಮ್ಮತ್ತಿ ಮೊದಲ ನಿನ್ನ ಹೆಸರು ಹಿಡದು ಕೂಗಿದ್ಳು. ನಾ ಅಂಗಡ್ಯಾಗಿಂದ ಕೇಳಿದ್ನಿ. ಅದು ನಿನಗ ಮುಟ್ಟಿತ್ತೇನು?”

ಅವರ ಮುಖ ನೋಡಿದೆ.

“ಮುಟ್ಟಿತ್ರಿ ಯಪ್ಪಾ. ಸ್ವಚ್ಛ ಮುಟ್ಟಿತ್ತು.”

“ಹಂಗಾರ ನನ್ನ ತಮ್ಮಗೂ ಮುಟ್ಟಿರಬೇಕು.”

“ಮುಟ್ಟೇ ಮುಟ್ಟಿರ್ತದ್ರಿ.”

ಅವರು ತಲೆಯಾಡಿಸಿ ಗಂಜಿ ಬೇಡಿದರು, ಎರಡು ಗುಟುಕು ಕುಡಿದರು. ಮರುದಿನ ಮಧ್ಯಾಹ್ನ ತೀರಿಕೊಂಡರು. ನಾನು ಕೊಟ್ಟ ಉತ್ತರದ ಮೇಲೆ ಅವರು ಮತ್ತೊಂದು ಪ್ರಶ್ನೆ ಹಾಕದೆ ಬಿಟ್ಟದ್ದು ಅಷ್ಟೂ ವರ್ಷಗಳಲ್ಲಿ ಅದೊಂದೇ ಸಲ.